ಹೊಟ್ಟೆಯಲ್ಲೊಂದು ತೂತು

ನಾಯಿ ಮಾಡುವಾಗ ಬಾಲ ಕೊನೆಗೆ.
ಮೊದಲು ಹೊಟ್ಟೆ, ಟೊಳ್ಳಾಗಿ,
ಅಡಿಯಲ್ಲೊಂದು ತೂತು, ಕಿರುಬೆರಳು ಹೋಗುವಷ್ಟು.
ಇಲ್ಲದಿದ್ದರೆ ಆವಿಗೆಯಲ್ಲಿ ಸಿಡಿಯುತ್ತದೆ,
ಪಕ್ಕದ ನಾಲ್ಕನ್ನೂ ಕೊಂದು.

ತಕ್ಕರು ಹೇಳುವುದೇ ಬೇರೆ.
ಅಮಾವಾಸ್ಯೆಯ ರಾತ್ರಿ ಕಿರಾತಿ
ಆ ತೂತಿಗೆ ಬಾಯಿಟ್ಟು ಉಸಿರು ಊದುತ್ತಾಳಂತೆ,
ಆಮೇಲೆ ದೇವರಕಾಡಿನ ತುಂಬ ಬೊಗಳೋ ಬೊಗಳು.
ಬೆಳಿಗ್ಗೆ ನೋಡಿದರೆ ಎಲ್ಲವೂ ತಂತಮ್ಮ ಜಾಗದಲ್ಲಿ,
ಮೂಗು ಮಾತ್ರ ಒದ್ದೆ.

ನಾನು ಎದುರು ಆಡುವುದಿಲ್ಲ.
ಮೂವತ್ತು ರೂಪಾಯಿಯ ಮಣ್ಣಿಗೆ
ಎಂಬತ್ತು ಕೊಡುವುದು ಆ ಉಸಿರಿಗೇ ತಾನೆ.

ಹಿಂದೆ ಹಂದಿ ಬಿದ್ದರೆ ಒಂದು ನಾಯಿ,
ಕಡವೆ ಬಿದ್ದರೆ ಜೋಡಿ.
ಈಗ ಕೋವಿ ಗೋಡೆಯ ಮೇಲೆ,
ಕೈಲ್‌ಪೊಳ್ದಿಗೆ ತೋಕುಪೂ ಮುಡಿಯಲು ಇಳಿದು
ಮತ್ತೆ ಹತ್ತಿಬಿಡುತ್ತದೆ.
ಹರಕೆ ಮಾತ್ರ ನಿಂತಿಲ್ಲ.
ಕಾಫಿ ಕಣದಲ್ಲಿರುವಾಗ ಮಳೆ ಬಾರದಿರಲಿ ಎಂದು ಒಬ್ಬರು,
ಆನೆ ಗೇಟು ಮುರಿಯದಿರಲಿ ಎಂದು ಇನ್ನೊಬ್ಬರು.
ಮೊನ್ನೆ ಬೆಳ್ಯಪ್ಪನವರು ಬಂದಿದ್ದರು,
ಜೀಪಿನಡಿ ಸಿಕ್ಕ ಲೂಸಿಯ ಹೆಸರಲ್ಲೊಂದು ಬೇಕೆಂದು.
'ಎಡಗಿವಿ ಹರಿದಿತ್ತು, ಹಾಗೇ ಮಾಡು' ಎಂದು
ಫೋನಿನಲ್ಲಿ ಫೋಟೋ ತೋರಿಸುತ್ತ
ಅಷ್ಟು ದೊಡ್ಡ ಮೀಸೆ ಹೊತ್ತು ಅತ್ತರು.

ಆ ಕಾಡಿನಿಂದ ಒಣ ಕಡ್ಡಿಯನ್ನೂ ತರಬಾರದು.
ತಂದ ಉಂಬನ ಮನೆಯ ಒಲೆ ಮೂರು ದಿನ
ಬರೀ ಹೊಗೆಯಾಡಿತೇ ಹೊರತು ಉರಿಯಲಿಲ್ಲ.
ಹುಲಿಗೆ ಅಲ್ಲಿ ಹುಲಿ ಎನ್ನಬಾರದು.
ಹೆಂಗಸು ಗಡಿಗಲ್ಲು ದಾಟಬಾರದು.

ದೇವಿಯೂ ಹೆಣ್ಣೇ ಅಲ್ಲವಾ?
ಮದುವೆಯಾಗಿ ಬಂದ ವರ್ಷ ಕೇಳಿದ್ದೆ.
ಅತ್ತೆ ದೇಚವ್ವ ಗದ್ದೆಮಣ್ಣು ತುಳಿಯುತ್ತಲೇ ಹೇಳಿದಳು:
ಶಿವ ಬೇಡನಾಗಿ ಹೊರಟಾಗ ಇವಳೂ ಹೊರಟಳು,
ಚಿನ್ನವನ್ನೆಲ್ಲ ಬಿಚ್ಚಿಟ್ಟು, ಸೊಪ್ಪು ಉಟ್ಟು.
ಬೇಟೆ ಮುಗಿದು ಅವನು ತನ್ನ ಬೆಟ್ಟಕ್ಕೆ ಮರಳಿದ,
ಇವಳಿಗೆ ಕಾಡು ರುಚಿಸಿತು, ಉಳಿದಳು.
ಈಗೊಂದು ಬಳೆಯ ಸದ್ದು ಕಿವಿಗೆ ಬಿದ್ದರೂ ಸಾಕು,
ಮನೆ ನೆನಪಾಗಿ ಎದ್ದು ಹೋದಾಳು.
ಆಮೇಲೆ ಈ ಮರಗಳಿಗೆ ಯಾರು ದಿಕ್ಕು?

ನಾನು ನನ್ನ ಕೈ ನೋಡಿಕೊಂಡೆ, ಅವಳ ಕೈ ನೋಡಿದೆ.
ಮಣ್ಣು ಕಲಸುವವರಿಗೆ ಎಲ್ಲಿಯ ಬಳೆ.

ಚಾತುವಿಗೆ ಜ್ವರ ಏರಿದ ವರ್ಷ
ಬುಟ್ಟಿ ನನ್ನ ತಲೆಗೆ ಬಂತು. ಹನ್ನೊಂದು ನಾಯಿ,
ನಡುನಡುವೆ ಹುಲ್ಲು.
ಗಡಿಗಲ್ಲಿನ ಹತ್ತಿರ ಇಟ್ಟು ಬಾ ಎಂದಿದ್ದ.
ತಕ್ಕರ ಆಳಿಗಾಗಿ ಕಾದೆ,
ಮಂಜು ಕರಗಿ ಎಲೆಯಿಂದ ತೊಟ್ಟಿಕ್ಕತೊಡಗಿತು,
ಜಿಗಣೆಯೊಂದು ಹಿಮ್ಮಡಿಯಲ್ಲಿ ಕುಡಿದು ತಣಿದು ಬಿದ್ದಿತು.
ಆಳು ಬರಲಿಲ್ಲ.
ಹೋದೆ.

ಗುಡಿಯಿಲ್ಲ, ಮುಖವಿಲ್ಲ.
ಮಂಡಿಯೆತ್ತರದ ಕಲ್ಲು, ನೆಟ್ಟ ಕಬ್ಬಿಣದ ಬಾಣ,
ತುಕ್ಕು ತಿಂದು ಸೂಜಿಯಷ್ಟು ಉಳಿದದ್ದು.
ಸುತ್ತ ನಾಯಿಗಳು, ಎಣಿಸಲಿಕ್ಕಾಗದು.
ಕಾಲಿಲ್ಲದವು, ಮೂತಿ ಹೋದವು,
ಪಾಚಿ ಹಿಡಿದು ಹಸಿರು ತುಪ್ಪಳ ಬಂದವು,
ಬೇರು ಅಪ್ಪಿ ನೆಲದಿಂದ ಎತ್ತಿ ಹಿಡಿದವು.
ಪಕ್ಕಕ್ಕೆ ಒರಗಿದ ಒಂದರ ಹೊಟ್ಟೆಯ ತೂತಿನಿಂದ
ಮಿಸರಿ ಜೇನು ಸಾಲಾಗಿ ಹೊರಡುತ್ತಿತ್ತು.
ಬಗ್ಗಿ ಕಿವಿಕೊಟ್ಟೆ.
ಒಳಗೆ ಗುಂಯ್ ಎನ್ನುತ್ತಿತ್ತು.

ಅದರ ಹಣೆಯ ಮೇಲೆ ಹೆಬ್ಬೆರಳ ಗುರುತು,
ಅಡ್ಡಕ್ಕೊಂದು ಗೆರೆ.
ಹಲಸು ಬಿಡಿಸುವಾಗ ಕತ್ತಿ ತಾಗಿದ್ದ ಅತ್ತೆಯ ಬೆರಳು.
ಅವಳು ಹೋಗಿ ಆರು ವರ್ಷವಾಗಿತ್ತು.
ನನ್ನ ಹೆಬ್ಬೆರಳಿಟ್ಟು ನೋಡಿದೆ,
ಅವಳದು ದೊಡ್ಡದು.

ಯಾರಿಗೂ ಹೇಳಲಿಲ್ಲ, ಚಾತುವಿಗೂ.
ಆ ವರ್ಷ ಆವಿಗೆಯಲ್ಲಿ ಒಂದೂ ಸಿಡಿಯಲಿಲ್ಲ.
ಒಪ್ಪಿದಳೋ, ವಾಯಿದೆ ಕೊಟ್ಟಳೋ,
ಅಥವಾ ಕಟ್ಟಿಗೆ ಚೆನ್ನಾಗಿ ಒಣಗಿತ್ತೋ.

ಈಗ ಲೂಸಿಯ ಎಡಗಿವಿ ಹರಿಯುತ್ತಿದ್ದೇನೆ,
ಉಗುರಿನಿಂದ, ಮೆಲ್ಲಗೆ,
ಮಣ್ಣು ಇನ್ನೂ ಒದ್ದೆಯಿರುವಾಗಲೇ.